ಹಸಿರಂಗಿಗೆ ಬಗಲಪಟ್ಟಿ

ಪಾಶ್ಕೋಲ್ ಬಾರ್ರೆಟ್ಟೊ ಅಂಗಿ ತಂದದ್ದು
ತುಕ್ಕು ಹಿಡಿದ ಬಿಸ್ಕೀಟ್ ಡಬ್ಬಿಯಲ್ಲಿ, ಮೂರು ನುಸಿಗುಳಿಗೆ ಜತೆ.
"ಎರಡೂ ಬಗಲಿಗೆ ನಾಕು ನಾಕು ಬೆರಳು ಬಿಡು ಮಾಸ್ತರ,
ಹೊಟ್ಟೆ ಬಂದಿದೆ. ಭಾನುವಾರ ಮ್ಯಾಚಿದೆ."
ಬಿಡಲು ಒಳಗೆ ಬಟ್ಟೆಯಿರಬೇಕಲ್ಲ?
ಅಮೆರಿಕದ ದರ್ಜಿ ಒಂದೆಳೆ ಉಳಿಸದೆ ಕತ್ತರಿಸಿದ್ದ.

ನೈಲಾನು. ಗಿಳಿಯದೂ ಅಲ್ಲ ಪಾಚಿಯದೂ ಅಲ್ಲ, ಅಂಥ ಹಸಿರು.
ಎದೆಯ ಮೇಲೆ ಜೋಳಿಗೆ ಕೊಕ್ಕಿನ ಹಕ್ಕಿ,
ಅದರ ಸುತ್ತ ಬಾಗಿದ ಅಕ್ಷರ: ಸವಾನಾ ಪೆಲಿಕನ್ಸ್.
ಆ ತಂಡ ಈಗಿಲ್ಲ. ಅದು ಆಡಿದ ಲೀಗೂ ಇಲ್ಲ.
"ದುಡ್ಡು ಮುಗೀತು, ಬೀಗ ಹಾಕಿದರು" ಎಂದ,
ಮೂಲೆಯಂಗಡಿ ಮುಚ್ಚಿದ ಸುದ್ದಿ ಹೇಳುವವನ ಹಾಗೆ.

ಎಪ್ಪತ್ತೊಂಬತ್ತನೇ ಇಸವಿ. ಹಡಗಿನ ಅಡುಗೆಮನೆಯಲ್ಲಿ
ಈರುಳ್ಳಿ ಸುಲಿಯುವ ತಾರ್ವಟಿ ಇವನು.
ಆ ಬಂದರಿನಲ್ಲಿ ಕ್ರೇನಿನವರ ಮುಷ್ಕರ, ಹನ್ನೊಂದು ದಿನ ಲಂಗರು.
ಹನ್ನೊಂದು ದಿನಕ್ಕೆ ಮೂರು ಮ್ಯಾಚು.
ಹರಿದ ಟಿಕೇಟುಗಳು ಡಬ್ಬಿಯ ತಳದಲ್ಲಿವೆ,
ಒಂದರ ಮೇಲೆ ಸಾಸಿವೆಯ ಹಳದಿ, ನಲವತ್ತು ವರ್ಷದ್ದು.

ಹೊಟ್ಟೆಗೆ ಟೇಪು ಸುತ್ತಿದರೂ ಅವನ ಮಾತು ನಿಲ್ಲಲಿಲ್ಲ:
ಅಲ್ಲಿ ಗಡಿಯಾರ ಇಳಿಯುತ್ತಿತ್ತಂತೆ,
ನಲವತ್ತೈದರಿಂದ ಶುರು, ಸೊನ್ನೆಗೆ ಬಂದರೆ ಸೀಟಿ.
ಹುಲ್ಲು ಪ್ಲಾಸ್ಟಿಕ್ಕಿನದಂತೆ,
ಬಿದ್ದರೆ ಮೊಣಕಾಲು ದೋಸೆಯ ಹಾಗೆ ಏಳುತ್ತಿತ್ತಂತೆ.
ಸಮಸಮ ಎಂಬುದನ್ನು ಆ ಜನ ತಡೆದುಕೊಳ್ಳರಂತೆ.
ಹಾಗಾದರೆ ಮೂವತ್ತೈದು ಗಜದಿಂದ ಒಬ್ಬ, ಚೆಂಡು,
ಎದುರಿಗೆ ಗೋಲಿ,
ಐದೇ ಸೆಕೆಂಡು.
"ಐದು ಸೆಕೆಂಡು ಅಂದರೆ ಎಷ್ಟು, ಗೊತ್ತೇನು ನಿನಗೆ?"
ಗೊತ್ತು. ಕನ್ನಡಕ ಬರುವ ಮೊದಲು
ಸೂಜಿಗೆ ನಾನು ದಾರ ಪೋಣಿಸುತ್ತಿದ್ದಷ್ಟು.

ಅಂಗಿ ಕೊಟ್ಟವನು ಹೈಟಿಯವನಂತೆ, ಬದಲಿ ಆಟಗಾರ,
ಮೂರೂ ಮ್ಯಾಚು ಬೆಂಚಿನ ಮೇಲೆಯೇ ಕೂತವನು.
ಇವನ ಮಾತು ಅವನಿಗೆ ಬಾರದು, ಅವನದು ಇವನಿಗೆ.
ತಂತಿಬೇಲಿಯ ಮೇಲಿಂದ ಅಂಗಿ ಈಚೆಗೆ ಬಂತು,
ಬಾಂಗಡೆ ಉಪ್ಪಿನಕಾಯಿಯ ಶೀಶೆ ಆಚೆಗೆ ಹೋಯಿತು.
"ತಿಂದನೋ, ಬಿಸಾಕಿದನೋ" ಎನ್ನುತ್ತಾನೆ ಪಾಶ್ಕೋಲ್,
ಈಗಲೂ ಅದೊಂದೇ ಯೋಚನೆ ಅವನಿಗೆ.

ಅವನು ಹೋದ ಮೇಲೆ ಬೆನ್ನಿನ ಹದಿನಾಲ್ಕನ್ನು ತಿರುವಿದೆ.
ಅಡಿಯಲ್ಲಿ ಇನ್ನೊಂದು ಅಂಕಿಯನ್ನು ಬಿಚ್ಚಿದ ತೂತುಗಳ ಸಾಲು,
ಆರಿದ್ದೀತು, ಎಂಟೂ ಇದ್ದೀತು.
ಬಿಚ್ಚಿದವಳು (ಹೆಂಗಸೇ ಎಂದು ಯಾಕೋ ಅನಿಸಿತು)
ಅವಸರದಲ್ಲಿದ್ದಳು. ಎರಡು ಕಡೆ ಕತ್ತರಿ ಬಟ್ಟೆಗೇ ತಗುಲಿದೆ.
ಹೆಂಗಸೇ, ನಿನ್ನ ಗಾಯಕ್ಕೆ ನಾನಿಲ್ಲಿ ಬೈನಾದಲ್ಲಿ
ಒಂದೆಳೆ ದಾರ ಹಾಕಿದ್ದೇನೆ. ಕೂಲಿ ಕೇಳುವುದಿಲ್ಲ.

ಆದರೆ ಆ ಹಸಿರು! ವಾಸ್ಕೊದಲ್ಲಿಲ್ಲ, ಮಡಗಾಂವಿನಲ್ಲಿಲ್ಲ,
ಅಕ್ಕನ ಇಳಕಲ್ ಸೀರೆಯ ಪಕ್ಕ ಹಿಡಿದರೆ ಅದೂ ಅಲ್ಲ.
ಅಪ್ಪ ಗಜೇಂದ್ರಗಡದಿಂದ ಬಂದು ಇದೇ ಬಂದರಿನಲ್ಲಿ
ಅದಿರು ಹೊತ್ತ. ಹಡಗಿನ ಕೆಂಪು ಹೊಟ್ಟೆಯಷ್ಟೇ ಕಂಡವನು.
ದೂರದೇಶದ ಬಣ್ಣ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು?
ಕೊನೆಗೆ ಸಿಕ್ಕಿದ್ದು ಖಾರಿವಾಡೊದ ಮೀನು ಜೆಟ್ಟಿಯಲ್ಲಿ,
ಯಾರೋ ಎಸೆದ ಛತ್ರಿಯಲ್ಲಿ. ಎರಡು ಸಲ ತೊಳೆದೆ,
ವಾಸನೆ ಹೋಗಿತ್ತು. ಸುಮಾರಾಗಿ.

ಸೋಮವಾರ ಮತ್ತೆ ಬಂದ. ಎಡಗಡೆ ಪಟ್ಟಿ ಹರಿದಿದೆ.
"ಗೆದ್ದಿರಾ?"
"ಸೊನ್ನೆ ಸೊನ್ನೆ" ಎಂದ, ಮುಖವೆಲ್ಲ ಹಲ್ಲು.
"ಯಾರಿಗೂ ಓಡಲು ಉಸಿರಿರಲಿಲ್ಲ,
ಹದಿನಾರು ಮುದುಕರೂ ಕೂಡಿ ಸೊರಪೊಟೆಲ್ ಉಂಡೆವು."

ಹಕ್ಕಿಯ ಕೊಕ್ಕಿನಿಂದ ಹೊಕ್ಕಳವರೆಗೆ ಕೆಮ್ಮಣ್ಣು,
ಚಿಕಲಿಯ ಇಗರ್ಜಿ ಮೈದಾನದ್ದು.
ಹುಟ್ಟಿದಾಗಿನಿಂದ ಮಣ್ಣೇ ಕಾಣದ ಅಂಗಿ.
"ಈ ಕಲೆ ಹೋಗುತ್ತದಾ ಮಾಸ್ತರ?"

ನಿಂಬೆ, ಉಪ್ಪು, ಎರಡು ಬಿಸಿಲು ಸಾಕು.
ಹೋಗುವುದಿಲ್ಲ ಎಂದೆ.